ಪ್ರಚಾರ ಮತ್ತು ಜನಾಭಿಪ್ರಾಯ: ಪದವಿ ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುವುದು ಹೇಗೆ?

ಓದುಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪದವಿ ಅಂತಿಮ ವರ್ಷದ 40 ವಿದ್ಯಾರ್ಥಿಗಳಿಗೆ ಎರಡು ಗಂಟೆಯ ಕಾರ್ಯಾಗಾರವೊಂದನ್ನು ಸಿದ್ಧಮಾಡಬೇಕಿದೆ. ಸೆನ್ಸಾರ್ ಇಲ್ಲ, ಹತ್ತಾರು ಪತ್ರಿಕೆ, ಚಾನೆಲ್‌ಗಳಿವೆ, ಐದು ವರ್ಷಕ್ಕೊಮ್ಮೆ ಮತದಾನವಿದೆ. ಇಂಥ ದೇಶದಲ್ಲೂ ಜನರ ಅಭಿಪ್ರಾಯವನ್ನು ಒಂದು ಕಡೆಗೆ ವಾಲಿಸಲು ಹೇಗೆ ಸಾಧ್ಯವಾಗುತ್ತದೆ ಎಂಬುದು ವಿಷಯ. ಭಾಷಣ ಬೇಡ, ಮಕ್ಕಳ ಕೈಯಲ್ಲಿ ಕೆಲಸ ಮಾಡಿಸಬೇಕು. ಗ್ರಂಥಾಲಯದಲ್ಲಿ ಹಳೆಯ ದಿನಪತ್ರಿಕೆಗಳ ಕಟ್ಟುಗಳಿವೆ, 2023ರ ವಿಧಾನಸಭಾ ಚುನಾವಣೆಯ ತಿಂಗಳುಗಳದ್ದೂ ಸೇರಿ. ಕರಿಹಲಗೆ, ಅಳತೆಪಟ್ಟಿ, ನಾಲ್ಕಾರು ಫೋನು ಇರುತ್ತವೆ. ಪ್ರೊಜೆಕ್ಟರ್ ಇಲ್ಲ.

ನನ್ನ ಯೋಜನೆ ಹೀಗಿದೆ: ಹತ್ತು ಸುಳ್ಳು ಸುದ್ದಿಗಳನ್ನು ಕೊಟ್ಟು, ಅವು ಸುಳ್ಳು ಎಂದು ಪತ್ತೆ ಮಾಡುವ ವಿಧಾನ ಕಲಿಸುವುದು. ಇದು ಸಾಕೇ? ಪೂರ್ತಿ ಬಿಡಿಸಿ ತೋರಿಸಬಹುದಾದ ಒಂದು ದೊಡ್ಡ ಪ್ರಕರಣ ಯಾವುದು? ನಮ್ಮ ಪತ್ರಿಕೆಗಳಲ್ಲಿ ಕಾಸಿಗಾಗಿ ಸುದ್ದಿಯನ್ನು (ಪೇಯ್ಡ್ ನ್ಯೂಸ್) ಗುರುತಿಸುವ ಅಭ್ಯಾಸ ಹೇಗೆ ಮಾಡಿಸಬೇಕು? ಚುನಾವಣಾ ಸಮೀಕ್ಷೆಗಳ ಬಗ್ಗೆ ಎಷ್ಟು ಹೇಳಬೇಕು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

---

ನೀಲಿಶಾಯಿ ಉತ್ತರ:

ಹತ್ತು ಸುಳ್ಳು ಹಿಡಿಸುವ ಯೋಜನೆ ಬಿಡಿ ಸರ್. ಪ್ರಜಾಪ್ರಭುತ್ವದಲ್ಲಿ ದೊಡ್ಡ ಪರಿಣಾಮ ಬೀರಿದ ಪ್ರಚಾರಗಳಲ್ಲಿ ಸುಳ್ಳಿನ ಪಾಲು ಚಿಕ್ಕದು, ಬಚ್ಚಿಟ್ಟದ್ದರ ಪಾಲು ದೊಡ್ಡದು. ಬಚ್ಚಿಡುವುದು ಮುಖ್ಯವಾಗಿ ಒಂದನ್ನೇ: ಈ ಮಾತು ನಿಜವಾಗಿ ಯಾರದು, ಇದನ್ನು ಹೇಳಿಸಲು ಹಣ ಕೊಟ್ಟವರು ಯಾರು. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು 1990ರ ನಯೀರಾ ಪ್ರಕರಣಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ದಿನಾಂಕ, ಹಣ, ಹೆಸರು ಎಲ್ಲವೂ ದಾಖಲೆಯಲ್ಲಿವೆ.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿತು. ಅಮೆರಿಕ ಯುದ್ಧಕ್ಕೆ ಇಳಿಯಬೇಕೇ ಎಂಬ ಬಗ್ಗೆ ಅಲ್ಲಿನ ಜನ ಎರಡು ಪಾಲಾಗಿದ್ದರು. ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ ಸಂಸದರ ಮಾನವ ಹಕ್ಕುಗಳ ಕೂಟವೊಂದರ ಮುಂದೆ 15 ವರ್ಷದ ಹುಡುಗಿ ಅಳುತ್ತಾ ಸಾಕ್ಷ್ಯ ಹೇಳಿದಳು. ಕುವೈತಿನ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದಾಗ ಇರಾಕಿ ಸೈನಿಕರು ಶಿಶುಗಳನ್ನು ಇನ್‌ಕ್ಯುಬೇಟರ್‌ನಿಂದ ಹೊರತೆಗೆದು ತಣ್ಣನೆ ನೆಲದ ಮೇಲೆ ಸಾಯಲು ಬಿಟ್ಟದ್ದನ್ನು ಕಂಡೆ ಎಂದಳು. ಹೆಸರು 'ನಯೀರಾ' ಅಂತಷ್ಟೇ ಕೊಟ್ಟರು. ಕುವೈತಿನಲ್ಲಿರುವ ಮನೆಯವರಿಗೆ ಅಪಾಯವಾಗದಿರಲಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ಇಲ್ಲಿಗೆ ನಿಲ್ಲಿಸಿ, ಕರಿಹಲಗೆಯ ಮೇಲೆ ಆರು ಅಂಕಣ ಎಳೆಯಿರಿ: ಹೇಳಿದವರು, ಹೇಳಿಸಿದವರು, ಹಣ, ವೇದಿಕೆ, ಸಾಗಿಸಿದವರು, ಮತ್ತೆ ಮತ್ತೆ ಹೇಳಿದವರು. ಆ ದಿನ ಟೀವಿ ನೋಡಿದವನಿಗೆ ಎಷ್ಟು ಅಂಕಣ ತುಂಬಲು ಆಗುತ್ತಿತ್ತು ಎಂದು ಕೇಳಿ. ಮೊದಲನೆಯದು ಅರ್ಧ, ನಾಲ್ಕನೆಯದು ಅರ್ಧ, ಅಷ್ಟೇ. ಆಮೇಲೆ ಒಂದೊಂದಾಗಿ ನೀವು ತುಂಬುತ್ತ ಹೋಗಿ.

ಹೇಳಿದವರು: ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿ ಸೌದ್ ಅಲ್ ಸಬಾಹ್ ಅವರ ಮಗಳು, ಅಂದರೆ ರಾಜಮನೆತನದ ಹುಡುಗಿ. ಹೇಳಿಸಿದವರು: ಹಿಲ್ ಅಂಡ್ ನೋಲ್ಟನ್ ಎಂಬ ಸಾರ್ವಜನಿಕ ಸಂಪರ್ಕ ಕಂಪನಿ. ಅದನ್ನು ಗೊತ್ತುಮಾಡಿಕೊಂಡದ್ದು 'ಸ್ವತಂತ್ರ ಕುವೈತಿಗಾಗಿ ನಾಗರಿಕರು' ಎಂಬ ಸಂಘಟನೆ. ಹಣದ ಅಂಕಣಕ್ಕೆ ಬಂದಾಗ ನಿಧಾನಿಸಿ. ಆ 'ನಾಗರಿಕರ' ಸಂಘಟನೆಗೆ ಕುವೈತ್ ಸರ್ಕಾರದಿಂದ ಬಂದದ್ದು ಸುಮಾರು 1.19 ಕೋಟಿ ಡಾಲರ್. ನಾಗರಿಕರಿಂದ ಬಂದದ್ದು 17,861 ಡಾಲರ್. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ಎರಡು ನಿಮಿಷ ಸುಮ್ಮನಿರಿ. ಮಕ್ಕಳೇ ಮಾತಾಡುತ್ತಾರೆ.

ವೇದಿಕೆ: ಅದು ಸಂಸತ್ತಿನ ಅಧಿಕೃತ ಸಮಿತಿಯಲ್ಲ, ಸಂಸದರ ಕೂಟ. ಅಧಿಕೃತ ಸಮಿತಿಯ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಶಿಕ್ಷೆಯಿದೆ. ಕೂಟದ ಮುಂದೆ ಆ ಭಯವಿಲ್ಲ. ಟೀವಿಯಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ: ಉದ್ದನೆಯ ಮೇಜು, ಮೈಕು, ಗಂಭೀರ ಮುಖದ ಸಂಸದರು. ಕೂಟದ ಮುಖ್ಯಸ್ಥರು ನಡೆಸುತ್ತಿದ್ದ ಪ್ರತಿಷ್ಠಾನಕ್ಕೆ ಅದೇ ಕಂಪನಿಯ ವಾಷಿಂಗ್ಟನ್ ಕಚೇರಿಯಲ್ಲಿ ಕಡಿಮೆ ಬಾಡಿಗೆಗೆ ಜಾಗ ಸಿಕ್ಕಿತ್ತು ಎಂಬುದೂ ಆಮೇಲೆ ಹೊರಬಂತು.

ಸಾಗಿಸಿದವರು: ಕಂಪನಿ ತನ್ನದೇ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಸುದ್ದಿಯ ರೂಪದಲ್ಲಿ ಸಂಕಲನ ಮಾಡಿ, ಸುಮಾರು 700 ಟೀವಿ ಕೇಂದ್ರಗಳಿಗೆ ತಲುಪಿಸುವ ವಿತರಣಾ ಸಂಸ್ಥೆಗೆ ಕೊಟ್ಟಿತು. ಕೇಂದ್ರಗಳಿಗೆ ಪುಕ್ಕಟೆ ದೃಶ್ಯ ಸಿಕ್ಕಿತು, ನೋಡುಗರಿಗೆ ಅದು ಟೀವಿಯವರೇ ತಂದ ಸುದ್ದಿಯಾಗಿ ಕಂಡಿತು. ಮತ್ತೆ ಮತ್ತೆ ಹೇಳಿದವರು: ಅಧ್ಯಕ್ಷ ಜಾರ್ಜ್ ಬುಷ್ ಹಲವು ಭಾಷಣಗಳಲ್ಲಿ ಹೇಳಿದರು. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಡಿಸೆಂಬರ್‌ನಲ್ಲಿ 312 ಶಿಶುಗಳು ಎಂಬ ಅಂಕಿ ಕೊಟ್ಟಿತು. 1991ರ ಜನವರಿ 12ರಂದು ಸೆನೆಟ್ 52–47 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಚರ್ಚೆಯಲ್ಲಿ ಹಲವು ಸೆನೆಟರ್‌ಗಳು ಇದೇ ಶಿಶುಗಳ ಮಾತೆತ್ತಿದ್ದರು.

ಯುದ್ಧ ಮುಗಿದ ಮೇಲೆ ಪತ್ರಕರ್ತರು ಆಸ್ಪತ್ರೆಗಳಿಗೆ ಹೋಗಿ ವೈದ್ಯರನ್ನು ಕೇಳಿದರೆ ಕಥೆ ನಿಲ್ಲಲಿಲ್ಲ. ಆಮ್ನೆಸ್ಟಿ 1991ರ ಏಪ್ರಿಲ್‌ನಲ್ಲಿ ತನ್ನ ಮಾತು ಹಿಂತೆಗೆದುಕೊಂಡಿತು. ಹುಡುಗಿ ಯಾರೆಂದು ಪತ್ರಕರ್ತ ಜಾನ್ ಮ್ಯಾಕ್‌ಆರ್ಥರ್ ಬಯಲು ಮಾಡಿದ್ದು 1992ರ ಜನವರಿ 6ರಂದು. ಆ ಹೊತ್ತಿಗೆ ಯುದ್ಧ ಮುಗಿದು ಹತ್ತು ತಿಂಗಳಾಗಿತ್ತು.

ಈಗ ಇದರಲ್ಲಿ ಎಡವುವ ಜಾಗ. ಮಕ್ಕಳು ಇಷ್ಟು ಕೇಳಿ 'ಹಾಗಾದರೆ ಕುವೈತಿನಲ್ಲಿ ಏನೂ ಆಗಲಿಲ್ಲ' ಎನ್ನುವ ತೀರ್ಮಾನಕ್ಕೆ ಬರುತ್ತಾರೆ. ಆಗಿತ್ತು. ಇರಾಕಿ ಸೇನೆ ಅಲ್ಲಿ ಕೊಂದಿತ್ತು, ಚಿತ್ರಹಿಂಸೆ ಕೊಟ್ಟಿತ್ತು, ಲೂಟಿ ಮಾಡಿತ್ತು. ಕಟ್ಟುಕಥೆಯೊಂದು ನಿಜಗಳ ನಡುವೆ ಕೂತಿದ್ದರಿಂದಲೇ ನಂಬಲು ಸುಲಭವಾಯಿತು. ಎಲ್ಲವನ್ನೂ ಅನುಮಾನಿಸುವುದು ಎಲ್ಲವನ್ನೂ ನಂಬುವಷ್ಟೇ ಕೆಟ್ಟ ರೂಢಿ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಬಗ್ಗೆ ಹಬ್ಬಿಸಿದ ಉತ್ಪ್ರೇಕ್ಷೆಯ ಕಥೆಗಳ ನೆನಪಿದ್ದವರು, ಮುಂದೆ ನಾಜಿಗಳ ನರಮೇಧದ ನಿಜವಾದ ವರದಿ ಬಂದಾಗಲೂ ನಂಬಲು ಹಿಂಜರಿದರು. ಇದನ್ನು ಹೇಳದೆ ಆ ಪಾಠ ಮುಗಿಸಬೇಡಿ.

ಇನ್ನೊಂದು ವಿಷಯ. ಅಮೆರಿಕದಲ್ಲಿ ವಿದೇಶಿ ಸರ್ಕಾರದ ಪರ ಕೆಲಸ ಮಾಡುವವರು ನ್ಯಾಯ ಇಲಾಖೆಯಲ್ಲಿ ನೋಂದಾಯಿಸಿ ಲೆಕ್ಕ ಕೊಡಬೇಕು ಎಂಬ ಕಾಯ್ದೆ 1938ರಿಂದಲೇ ಇದೆ. ಮೇಲಿನ ಹಣದ ಅಂಕಿಗಳು ಸಿಕ್ಕಿದ್ದು ಇಂಥ ಕಡತಗಳಿಂದಲೇ. ಕಡತ ಸಾರ್ವಜನಿಕವಾಗಿಯೇ ಇತ್ತು. ಅದನ್ನು ತೆರೆದು, ಹುಡುಗಿಯ ಪೂರ್ತಿ ಹೆಸರೇನು ಎಂದು ಕೇಳುವ ವರದಿಗಾರ ಆ ಮೂರು ತಿಂಗಳಲ್ಲಿ ಬರಲಿಲ್ಲ. ಇಡೀ ಪ್ರಕರಣಕ್ಕೆ 30 ನಿಮಿಷ ಇಟ್ಟುಕೊಳ್ಳಿ.

---

ಎರಡನೇಪುಟ ಉತ್ತರ:

ನೀಲಿಶಾಯಿಯವರ ಆರು ಅಂಕಣವನ್ನೇ ನಮ್ಮ ಪತ್ರಿಕೆಗಳಿಗೂ ಬಳಸಬಹುದು. ಕಾಸಿಗಾಗಿ ಸುದ್ದಿ ಎಂದರೆ ಅದೇ: ಜಾಹೀರಾತಿನ ಮಾತನ್ನು ವರದಿಗಾರನ ಬಾಯಿಂದ ಆಡಿಸುವುದು. ಓದುಗ ಜಾಹೀರಾತನ್ನು ಓದುವಾಗ ಎಚ್ಚರವಿರುತ್ತಾನೆ, ಸುದ್ದಿಯನ್ನು ಓದುವಾಗ ಎಚ್ಚರ ಇಳಿಸಿರುತ್ತಾನೆ. ಕೊಟ್ಟ ಹಣ ಆ ಇಳಿದ ಎಚ್ಚರದ ಬೆಲೆ.

ಹಿನ್ನೆಲೆಗೆ ಇಷ್ಟು ಸಾಕು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಪುಟಗಟ್ಟಲೆ ಬರಹ ಬಂತು. ಒಂದಕ್ಕೊಂದು ಪೈಪೋಟಿಯಲ್ಲಿದ್ದ ಮರಾಠಿ ದಿನಪತ್ರಿಕೆಗಳಲ್ಲಿ ಒಂದೇ ಲೇಖನ ಅಕ್ಷರ ಬದಲಾಗದೆ ಅಚ್ಚಾಗಿತ್ತು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬಯಲಿಗೆ ತಂದರು. ಪತ್ರಿಕೆ ಜಾಹೀರಾತಿಗೆ ಅಭ್ಯರ್ಥಿ ತೋರಿಸಿದ್ದ ಖರ್ಚು 5,379 ರೂಪಾಯಿ. ಈ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಖರ್ಚಿನ ಲೆಕ್ಕ ಸರಿಯೇ ಎಂದು ಚುನಾವಣಾ ಆಯೋಗ ತನಿಖೆ ಮಾಡಬಹುದು ಎಂದು 2014ರಲ್ಲಿ ಆ ಕೋರ್ಟ್ ಹೇಳಿತು. ಆಯೋಗ ಕೊಟ್ಟ ನೋಟಿಸನ್ನು ಅದೇ ವರ್ಷ ದಿಲ್ಲಿ ಹೈಕೋರ್ಟ್ ರದ್ದು ಮಾಡಿತು. ಪತ್ರಿಕೆಗಳ ನಡತೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್ ಇಡೀ ಪಿಡುಗಿನ ಬಗ್ಗೆ ಉಪಸಮಿತಿ ಮಾಡಿತ್ತು. ಅದು ಕೊಟ್ಟ 71 ಪುಟಗಳ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಕೌನ್ಸಿಲ್ 2010ರ ಜುಲೈನಲ್ಲಿ ಹೊರಡಿಸಿದ್ದು ಹೆಸರುಗಳಿಲ್ಲದ ಚಿಕ್ಕ ವರದಿ. ಪೂರ್ತಿ ವರದಿ ಹೊರಬರಲು ಮಾಹಿತಿ ಆಯೋಗದ ಆದೇಶವೇ ಬೇಕಾಯಿತು.

ಈಗ ನಿಮ್ಮ ಕಟ್ಟುಗಳು. ಮತದಾನದ ಹಿಂದಿನ 15 ದಿನಗಳನ್ನು ಆಯ್ದುಕೊಳ್ಳಿ. 2023ರ ಮತದಾನ ಮೇ 10ರಂದು ನಡೆಯಿತು, ಹಾಗಾಗಿ ಏಪ್ರಿಲ್ 25ರಿಂದ ಮೇ 9. ಕನಿಷ್ಠ ಮೂರು ಪತ್ರಿಕೆ ಬೇಕು, ಮೂರೂ ಒಂದೇ ಜಿಲ್ಲೆಯ ಆವೃತ್ತಿಯವಾಗಿರಬೇಕು. ಇಲ್ಲೇ ಮೊದಲ ತಪ್ಪು ಆಗುವುದು: ಒಂದರ ಬೆಂಗಳೂರು ಆವೃತ್ತಿ, ಇನ್ನೊಂದರ ಹುಬ್ಬಳ್ಳಿ ಆವೃತ್ತಿ ಹಿಡಿದು ಹೋಲಿಸಿದರೆ ಏನೂ ಸಿಗುವುದಿಲ್ಲ. ಅಭ್ಯರ್ಥಿಯ ಸುದ್ದಿ ಇರುವುದು ಜಿಲ್ಲಾ ಪುಟದಲ್ಲಿ, ಮುಖಪುಟದಲ್ಲಲ್ಲ. 40 ಮಕ್ಕಳನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಕ್ಷೇತ್ರ ಕೊಡಿ.

ಪ್ರತಿ ಬರಹಕ್ಕೂ ಇವನ್ನು ಕೇಳಿಸಿ. ವರದಿಗಾರನ ಹೆಸರು ಅಥವಾ ಸುದ್ದಿಸಂಸ್ಥೆಯ ಹೆಸರು ಇದೆಯೇ? ನಡೆದ ಘಟನೆ ಯಾವುದು, ಎಲ್ಲಿ, ಯಾವ ದಿನ? ಎದುರಾಳಿಯ ಹೆಸರು ಒಮ್ಮೆಯಾದರೂ ಬಂದಿದೆಯೇ? 'ಗೆಲುವು ಖಚಿತ', 'ಕ್ಷೇತ್ರದೆಲ್ಲೆಡೆ ಅಲೆ' ಎಂಬ ಮಾತು ಯಾರ ಬಾಯಿಂದ ಬಂದದ್ದು, ಬೆಂಬಲಿಗನದೋ ಪತ್ರಿಕೆಯದೋ? ಫೋಟೊ ಸಭೆಯದೋ, ಸ್ಟುಡಿಯೋದಲ್ಲಿ ತೆಗೆದದ್ದೋ? ಅಕ್ಷರದ ಅಚ್ಚು ಪಕ್ಕದ ಸುದ್ದಿಗಿಂತ ಬೇರೆ ಇದೆಯೇ? ಮೂಲೆಯಲ್ಲಿ ಎಲ್ಲಾದರೂ ಸಣ್ಣಗೆ 'ಜಾಹೀರಾತು' ಅಂತ ಇದೆಯೇ? ಉಪಸಮಿತಿಯ ವರದಿ ಗುರುತಿಸಿದ ಒಂದು ಲಕ್ಷಣ ಮಕ್ಕಳಿಗೆ ಬಹಳ ಹಿಡಿಸುತ್ತದೆ: ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳಿಗೂ 'ಗೆಲುವು ನಿಶ್ಚಿತ' ಎಂದು ಬರೆದಿರುವುದು. ಕ್ಷೇತ್ರದಲ್ಲಿ ಗೆಲ್ಲುವವನು ಒಬ್ಬನೇ ತಾನೆ.

ಒಂದೇ ಬರಹ ಮೂರು ಪತ್ರಿಕೆಯಲ್ಲಿ ಕಂಡ ತಕ್ಷಣ ಕಾಸಿಗಾಗಿ ಸುದ್ದಿ ಎಂದು ಬರೆಯಲು ಬಿಡಬೇಡಿ. ಪಕ್ಷದವರು ಎಲ್ಲ ಪತ್ರಿಕೆಗೂ ಪತ್ರಿಕಾ ಹೇಳಿಕೆ ಕಳಿಸುತ್ತಾರೆ. ಕೆಲಸಕ್ಕೆ ಜನ ಸಾಲದ ದಿನ ಪತ್ರಿಕೆಯ ಡೆಸ್ಕಿನವರು ಅದನ್ನು ಇದ್ದಂತೆಯೇ ಹಾಕುತ್ತಾರೆ. ಅದು ಸೋಮಾರಿತನ, ಕಾಸಲ್ಲ. ಬೇರ್ಪಡಿಸುವ ಗುರುತು ಒಂದಿದೆ. ಪತ್ರಿಕಾ ಹೇಳಿಕೆಯಲ್ಲಿ ಘಟನೆ ಇರುತ್ತದೆ, 'ಸೋಮವಾರ ಇಂಥ ಹಳ್ಳಿಯಲ್ಲಿ ಮಾತನಾಡಿದರು' ಅಂತ. ಕಾಸಿನ ಬರಹದಲ್ಲಿ ಘಟನೆಯೇ ಇರುವುದಿಲ್ಲ, ಬರೀ ಗುಣಗಾನ. ಆ ಬರಹವನ್ನು ಹತ್ತು ದಿನ ಮೊದಲು ಹಾಕಿದ್ದರೂ, ಹತ್ತು ದಿನ ಬಿಟ್ಟು ಹಾಕಿದ್ದರೂ ಒಂದಕ್ಷರ ಬದಲಿಸಬೇಕಿರಲಿಲ್ಲ. ಮಕ್ಕಳು ಕೊಡಬೇಕಾದ್ದು ತೀರ್ಪಲ್ಲ, ಅಂಕ. ಮೇಲಿನ ಲಕ್ಷಣಗಳಲ್ಲಿ ಎಷ್ಟು ಕಂಡವು ಅಷ್ಟೇ.

ಆಮೇಲೆ ಅಳತೆಪಟ್ಟಿ ಕೊಡಿ. ದೊಡ್ಡ ಪತ್ರಿಕೆಯ ಪೂರ್ತಿ ಪುಟ ಸುಮಾರು 33 ಸೆಂ.ಮೀ. ಅಗಲ, 52 ಸೆಂ.ಮೀ. ಎತ್ತರ, ಅಂದರೆ 1,716 ಚದರ ಸೆಂ.ಮೀ. ನಾಲ್ಕು ಕಾಲಂ ಅಗಲದ (16 ಸೆಂ.ಮೀ.), 20 ಸೆಂ.ಮೀ. ಎತ್ತರದ ಬರಹ 320 ಚದರ ಸೆಂ.ಮೀ. ಜಾಹೀರಾತು ದರ ಚದರ ಸೆಂ.ಮೀ. ಲೆಕ್ಕದಲ್ಲೇ ಇರುತ್ತದೆ. ಲೆಕ್ಕ ಕಲಿಸಲು ದರ 100 ರೂಪಾಯಿ ಎಂದಿಟ್ಟುಕೊಳ್ಳಿ, ಆ ಒಂದು ಬರಹ 32,000 ರೂಪಾಯಿ. 15 ದಿನದಲ್ಲಿ ಮೂರು ಪತ್ರಿಕೆಗಳಲ್ಲಿ ಇಂಥವು 30 ಬಂದರೆ 9.6 ಲಕ್ಷ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ ನಮ್ಮ ರಾಜ್ಯದಲ್ಲಿ 40 ಲಕ್ಷ. ಖರ್ಚನ್ನು ಬಚ್ಚಿಡುವ ಆಸೆ ಯಾಕೆ ಹುಟ್ಟುತ್ತದೆ ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಮೊತ್ತ ಚಿಕ್ಕದಾದರೂ ಪರವಾಗಿಲ್ಲ ಎಂದುಕೊಳ್ಳುವವರಿಗೆ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಪ್ರಕರಣ ಹೇಳಿ. 2007ರ ಚುನಾವಣೆಯಲ್ಲಿ ಸುದ್ದಿಯ ವೇಷದ ಜಾಹೀರಾತಿಗೆ ಮಾಡಿದ 21,250 ರೂಪಾಯಿ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲ ಎಂದು ಚುನಾವಣಾ ಆಯೋಗ 2011ರ ಅಕ್ಟೋಬರ್‌ನಲ್ಲಿ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ಹಾಗಂತ ಯಾವಾಗಲೂ ಹೀಗೇ ಆಗುತ್ತದೆ ಎಂದಲ್ಲ. ಮಧ್ಯಪ್ರದೇಶದ ಸಚಿವ ನರೋತ್ತಮ್ ಮಿಶ್ರಾ ಅವರನ್ನು 2008ರ ಚುನಾವಣೆಯ ವಿಚಾರಕ್ಕೆ ಆಯೋಗ 2017ರಲ್ಲಿ ಅನರ್ಹಗೊಳಿಸಿದರೆ, 2018ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಣ ಕೈ ಬದಲಾಯಿಸಿದ್ದಕ್ಕೆ ರಸೀದಿ ಇರುವುದಿಲ್ಲ. ಅಭ್ಯರ್ಥಿಯೇ ಕೊಟ್ಟ, ಅಥವಾ ಅವನ ಒಪ್ಪಿಗೆಯಿಂದ ಕೊಟ್ಟರು ಎಂದು ಸಾಬೀತು ಮಾಡುವುದೇ ಕಷ್ಟ. ಕಾಸಿಗಾಗಿ ಸುದ್ದಿಯನ್ನೇ ಪ್ರತ್ಯೇಕ ಚುನಾವಣಾ ಅಪರಾಧ ಮಾಡಬೇಕೆಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿದ್ದು ಇದಕ್ಕೇ.

---

ಅಶ್ವತ್ಥಕಟ್ಟೆ ಉತ್ತರ:

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಕಡೆ ತಕರಾರಿದೆ. 'ಯಾರ ಮಾತು, ಯಾರ ಹಣ' ಎಂದು ಗೊತ್ತಾದರೆ ಪ್ರಚಾರದ ಬಲ ಇಳಿಯುತ್ತದೆ ಎಂಬ ಭಾವನೆ ಇಬ್ಬರಲ್ಲೂ ಇದೆ. ಪೂರ್ತಿ ನಿಜವಲ್ಲ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಯುದ್ಧದಿಂದ ದೇಶವನ್ನು ದೂರ ಇಟ್ಟರು ಎಂಬ ಹೆಸರಿನ ಮೇಲೆಯೇ ಅಧ್ಯಕ್ಷ ವಿಲ್ಸನ್ ಐದು ತಿಂಗಳ ಹಿಂದೆ ಗೆದ್ದಿದ್ದರು. ಜನರ ಮನಸ್ಸು ತಿರುಗಿಸಲು ಏಪ್ರಿಲ್ 13ರಂದು ಜಾರ್ಜ್ ಕ್ರೀಲ್ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಅದರ ಬಹು ದೊಡ್ಡ ಸಾಧನ ಸಿನಿಮಾ ಮಂದಿರದ ನಾಲ್ಕು ನಿಮಿಷ. ಆಗ ರೀಲು ಬದಲಿಸಲು ಸುಮಾರು ಅಷ್ಟು ಹೊತ್ತು ಹಿಡಿಯುತ್ತಿತ್ತು. ಆ ಬಿಡುವಿನಲ್ಲಿ ಊರಿನವನೇ ಒಬ್ಬ ಎದ್ದು ಮಾತಾಡುತ್ತಿದ್ದ. 'ನಾಲ್ಕು ನಿಮಿಷದವರು' ಎಂದೇ ಅವರ ಹೆಸರು, ದೇಶಾದ್ಯಂತ ಸುಮಾರು 75,000 ಮಂದಿ. ವಿಷಯ, ಮುಖ್ಯ ಅಂಶ, ಮಾದರಿ ಭಾಷಣ ಎಲ್ಲ ವಾಷಿಂಗ್ಟನ್ನಿನಿಂದ ಅಚ್ಚಾಗಿ ಬರುತ್ತಿತ್ತು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಸರ್ಕಾರದ ಪರ ಮಾತಾಡುತ್ತಿದ್ದಾರೆ ಎಂದು ಸಭಿಕರಿಗೆ ಗೊತ್ತಿತ್ತು. ಆದರೂ ಕೆಲಸ ಮಾಡಿತು, ಯಾಕೆಂದರೆ ಎದುರು ನಿಂತವನು ಪರಿಚಯದ ವಕೀಲ, ಪರಿಚಯದ ವ್ಯಾಪಾರಿ. ಮಾತು ದಿಲ್ಲಿಯದಾದರೂ ಮುಖ ನಮ್ಮೂರಿನದು ಅನ್ನುವ ಹಾಗೆ.

ಇಂದಿನ ವಾಟ್ಸ್‌ಆ್ಯಪ್ ಫಾರ್ವರ್ಡ್ ನಡೆಯುವುದೂ ಇದೇ ದಾರಿಯಲ್ಲಿ. ಬರೆದವನು ಯಾರೋ, ಕಳಿಸಿದವರು ಸೋದರಮಾವ. ಮಾವನ ಮೇಲಿನ ನಂಬಿಕೆ ಸಂದೇಶದ ಮೇಲೆ ಕೂರುತ್ತದೆ. ಬಾಣವೆರಡು ಇರುವ ಗುರುತನ್ನು ಮಕ್ಕಳಿಗೆ ತೋರಿಸಿ: ಅದು ತುಂಬಾ ಸಲ ಸಾಗಿ ಬಂದದ್ದು, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆ ಗುರುತು ಎಷ್ಟು ದೂರ ಬಂತು ಎಂದು ಹೇಳುತ್ತದೆ, ಎಲ್ಲಿಂದ ಹೊರಟಿತು ಎಂದು ಹೇಳುವುದಿಲ್ಲ.

ಎರಡನೆಯದು ಪುನರುಕ್ತಿ. 1977ರಲ್ಲಿ ಹ್ಯಾಷರ್, ಗೋಲ್ಡ್‌ಸ್ಟೀನ್, ಟಾಪಿನೋ ಎಂಬ ಸಂಶೋಧಕರು ಎರಡೆರಡು ವಾರದ ಅಂತರದಲ್ಲಿ ಮೂರು ಸಲ ವಿದ್ಯಾರ್ಥಿಗಳಿಗೆ ಹೇಳಿಕೆಗಳನ್ನು ಕೇಳಿಸಿ, ಪ್ರತಿ ಸಲವೂ ಎಷ್ಟು ನಿಜ ಅನ್ನಿಸುತ್ತದೆ ಎಂದು ಕೇಳಿದರು. ಕೆಲವು ಹೇಳಿಕೆ ಮಾತ್ರ ಪ್ರತಿ ಸಲ ಬರುತ್ತಿದ್ದವು. ನಿಜವೋ ಸುಳ್ಳೋ, ಮತ್ತೆ ಮತ್ತೆ ಕೇಳಿದವುಗಳ ಮೇಲಿನ ನಂಬಿಕೆ ಏರುತ್ತಾ ಹೋಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ದಡ್ಡರಲ್ಲ, ಅದನ್ನು ಹತ್ತನೇ ಸಲ ಕೇಳುತ್ತಿರುವವರು. ಈ ಕಾರಣಕ್ಕೇ ನಿಮ್ಮ 'ಹತ್ತು ಸುಳ್ಳು ಸುದ್ದಿ' ಅಭ್ಯಾಸ ನನಗೂ ಬೇಡ ಅನ್ನಿಸುತ್ತದೆ. ತರಗತಿಯಿಂದ ಹೊರಬಂದು ತಿಂಗಳಾದ ಮೇಲೆ ಮಕ್ಕಳಿಗೆ ಸುಳ್ಳು ನೆನಪಿರುತ್ತದೆ, 'ಇದು ಸುಳ್ಳು' ಎಂದ ನಿಮ್ಮ ಮಾತು ಮಾಸಿರುತ್ತದೆ. ಸುಳ್ಳೊಂದನ್ನು ಹೇಳಲೇಬೇಕಾದರೆ ಮೊದಲು ನಿಜ ಹೇಳಿ, ನಡುವೆ ಒಂದೇ ಸಲ ಸುಳ್ಳು, ಕೊನೆಗೆ ಮತ್ತೆ ನಿಜ.

ಮೂರನೆಯದು ಯಾವುದು ಸುದ್ದಿಯಾಗುತ್ತದೆ ಎಂಬುದು. ಮ್ಯಾಕ್‌ಕೂಂಬ್ಸ್ ಮತ್ತು ಶಾ ಎಂಬ ಸಂಶೋಧಕರು 1968ರ ಅಮೆರಿಕ ಚುನಾವಣೆಯಲ್ಲಿ ಚಾಪೆಲ್ ಹಿಲ್ ಎಂಬ ಊರಿನ 100 ಮತದಾರರನ್ನು ಕೇಳಿದರು, ಇನ್ನೂ ಯಾರಿಗೆ ಮತ ಎಂದು ನಿರ್ಧರಿಸದವರನ್ನು. ಅವರು ಮುಖ್ಯ ಎಂದ ವಿಷಯಗಳ ಕ್ರಮ, ಮಾಧ್ಯಮಗಳು ಜಾಗ ಕೊಟ್ಟ ಕ್ರಮಕ್ಕೆ ಬಹಳ ಹತ್ತಿರವಿತ್ತು. ಎರಡನೇಪುಟದವರ ಅಳತೆಪಟ್ಟಿಯಿಂದ ಇದನ್ನೂ ಮಾಡಿಸಬಹುದು: ಒಂದು ವಾರ ಮುಖಪುಟದಲ್ಲಿ ಕುಡಿಯುವ ನೀರಿಗೆ ಎಷ್ಟು ಚದರ ಸೆಂ.ಮೀ., ನಾಯಕರ ಪರಸ್ಪರ ಬೈಗುಳಕ್ಕೆ ಎಷ್ಟು. ಇಲ್ಲಿ ಒಂದೂ ಸುಳ್ಳಿಲ್ಲ, ಯಾರೂ ಹಣ ಕೊಟ್ಟಿಲ್ಲ, ಆದರೂ ಓದುಗನ ತಲೆಯಲ್ಲಿ ತೂಕ ಬದಲಾಗುತ್ತದೆ.

ಸರ್ಕಾರಿ ಜಾಹೀರಾತನ್ನೂ ಅಳೆಯಿಸಿ. ಅದು ಬಹಿರಂಗ ಪ್ರಚಾರ, ಖರ್ಚು ಜನರ ತೆರಿಗೆಯದು. ಸುಪ್ರೀಂ ಕೋರ್ಟ್ 2015ರ ಮೇ 13ರಂದು ಇಂಥ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಗಳ ಫೋಟೊ ಮಾತ್ರ ಇರಬಹುದು ಎಂದಿತು, 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ, ರಾಜ್ಯಪಾಲ, ಸಚಿವರಿಗೂ ಅವಕಾಶ ಕೊಟ್ಟಿತು. ಸಣ್ಣ ಜಿಲ್ಲಾ ಪತ್ರಿಕೆಗಳ ಆದಾಯದಲ್ಲಿ ವಾರ್ತಾ ಇಲಾಖೆಯ ಜಾಹೀರಾತಿನ ಪಾಲು ದೊಡ್ಡದು. ಆ ಬಿಲ್ಲು ಪಾಸಾಗಬೇಕಾದ ತಿಂಗಳಲ್ಲಿ ಸಂಪಾದಕ ಏನು ಬರೆಯುವುದಿಲ್ಲ ಎಂಬುದನ್ನು ಯಾವ ಅಳತೆಪಟ್ಟಿಯೂ ಹಿಡಿಯುವುದಿಲ್ಲ, ಇದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ.

---

ತಕ್ಕಡಿ ಉತ್ತರ:

ಸಮೀಕ್ಷೆ ಬಗ್ಗೆ 15 ನಿಮಿಷ ಸಾಕು. ಮೂರು ಲೆಕ್ಕ ಮಾಡಿಸಿ.

ಮೊದಲನೆಯದು: ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಮೀಕ್ಷೆ ಸರಿಯಲ್ಲ. 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಅಮೆರಿಕದ ಪತ್ರಿಕೆ ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಎಂಬ ಅಭ್ಯರ್ಥಿ ಗೆಲ್ಲುತ್ತಾರೆ ಎಂದಿತು. ಲ್ಯಾಂಡನ್ ಗೆದ್ದದ್ದು ಎರಡೇ ರಾಜ್ಯ. ವಿಳಾಸ ತೆಗೆದದ್ದು ಟೆಲಿಫೋನ್ ಪಟ್ಟಿ, ಕಾರಿನ ನೋಂದಣಿಯಂಥ ಕಡೆಯಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಜೊತೆಗೆ, ಸಿಟ್ಟಿದ್ದವರೇ ಹೆಚ್ಚಾಗಿ ಉತ್ತರ ಬರೆದರು. ಟೀವಿಯ 'ಮಿಸ್ಡ್ ಕಾಲ್ ಕೊಡಿ' ಸಮೀಕ್ಷೆ, ಯೂಟ್ಯೂಬ್ ಪೋಲ್ ಕೆಡುವುದು ಇದೇ ಎರಡು ಕಾರಣಕ್ಕೆ.

ಎರಡನೆಯದು: ಸರಿಯಾಗಿ ಆರಿಸಿದ 1,000 ಜನರ ಸಮೀಕ್ಷೆಯಲ್ಲಿ ಏರುಪೇರು ಸುಮಾರು ಶೇ 3. ಒಂದನ್ನು, ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸ್ಥೂಲವಾಗಿ ಸಿಗುತ್ತದೆ. ಅದೇ 1,000 ಜನರನ್ನು ಆರು ಪ್ರಾಂತ್ಯಗಳಾಗಿ ಒಡೆದು 'ಕಲ್ಯಾಣ ಕರ್ನಾಟಕದಲ್ಲಿ ಹೀಗೆ, ಕರಾವಳಿಯಲ್ಲಿ ಹಾಗೆ' ಎಂದರೆ ಪ್ರಾಂತ್ಯಕ್ಕೆ 166 ಜನ, ಏರುಪೇರು ಶೇ 8ರ ಹತ್ತಿರ. ಪರದೆಯ ಮೇಲಿನ ಆ ಬಣ್ಣದ ನಕ್ಷೆಗೆ ಆಧಾರ ಇಷ್ಟೇ.

ಮೂರನೆಯದು ನಮ್ಮದೇ ಉದಾಹರಣೆ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36 ಮತ, 104 ಸ್ಥಾನ. 2023ರಲ್ಲೂ ಸುಮಾರು ಶೇ 36 ಮತವೇ, ಸ್ಥಾನ 66. 2018ರಲ್ಲಿ ಶೇ 38 ಮತ ಪಡೆದ ಕಾಂಗ್ರೆಸ್‌ಗೆ ಸಿಕ್ಕಿದ್ದು 80, ಬಿಜೆಪಿಗಿಂತ ಕಡಿಮೆ. ಸಮೀಕ್ಷೆಯವರು ಕೇಳುವುದು ಮತ, ಚಾನೆಲ್ ತೋರಿಸುವುದು ಸ್ಥಾನ. ನಡುವಿನ ಪರಿವರ್ತನೆಗೆ ಯಾವ ಸೂತ್ರ ಬಳಸಿದರು ಎಂದು ಹೇಳದ ಸಮೀಕ್ಷೆಯ ಸ್ಥಾನದ ಸಂಖ್ಯೆಗೆ ಬೆಲೆ ಕೊಡಬೇಡಿ. ಯಾರು ಹಣ ಕೊಟ್ಟು ಮಾಡಿಸಿದರು, ಯಾವ ದಿನಗಳಲ್ಲಿ, ಮನೆಗೆ ಹೋಗಿಯೋ ಫೋನಿನಲ್ಲೋ, ಪ್ರಶ್ನೆಯ ವಾಕ್ಯವೇನು, ಈ ನಾಲ್ಕೂ ಇಲ್ಲದಿದ್ದರೆ ಅದನ್ನೂ ಕಾಸಿನ ಬರಹದ ರಾಶಿಗೇ ಸೇರಿಸಿ ಪರೀಕ್ಷಿಸಿ.

ಫೋನಿರುವ ಗುಂಪಿಗೆ ಇನ್ನೊಂದು ಕೆಲಸ: ಫೇಸ್‌ಬುಕ್‌ನ ಜಾಹೀರಾತು ಸಂಗ್ರಹ ತೆರೆದು, ದೇಶ ಭಾರತ, ವರ್ಗ ರಾಜಕೀಯ ಎಂದು ಆರಿಸಿ, ಒಂದು ಪಕ್ಷದ ಅಥವಾ ನಾಯಕರ ಹೆಸರು ಹಾಕಲಿ. ಯಾರು ಹಣ ಕೊಟ್ಟರು, ಅಂದಾಜು ಎಷ್ಟು, ಯಾವ ವಯಸ್ಸಿನವರಿಗೆ ತೋರಿಸಿದರು ಎಂದು ಬರುತ್ತದೆ. ಪಕ್ಷದ ಅಧಿಕೃತ ಪುಟಕ್ಕಿಂತ, ಊರಿನ ಹೆಸರೋ ಹಾಸ್ಯದ ಹೆಸರೋ ಇಟ್ಟುಕೊಂಡ ಪುಟಗಳನ್ನು ನೋಡಲು ಹೇಳಿ. ಜಾಲತಾಣದ ಪ್ರಭಾವಿಗಳಿಗೆ (ಇನ್‌ಫ್ಲುಯೆನ್ಸರ್) ನೇರ ಹಣ ಕೊಟ್ಟು ಮಾಡಿಸಿದ ರೀಲ್ಸ್ ಮಾತ್ರ ಅಲ್ಲಿ ಸಿಗುವುದಿಲ್ಲ.

---

ಓದುಮನೆ ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದ. ಸುಳ್ಳು ಹಿಡಿಸುವ ಭಾಗ ಕೈಬಿಟ್ಟೆ. ನಯೀರಾ 30 ನಿಮಿಷ, ಪತ್ರಿಕೆ ಅಳತೆ 60, ಸಮೀಕ್ಷೆ 15, ಉಳಿದದ್ದು ಪುನರುಕ್ತಿ ಮತ್ತು ಫಾರ್ವರ್ಡ್. ಒಂದು ಪ್ರಶ್ನೆ ಉಳಿದಿದೆ: ಮುಂದಿನ ಚುನಾವಣೆಯಲ್ಲಿ ಮಕ್ಕಳಿಗೆ ಇಂಥದ್ದು ನಿಜವಾಗಿ ಕಂಡರೆ ದೂರು ಕೊಡುವುದು ಎಲ್ಲಿ?

---

ಎರಡನೇಪುಟ ಉತ್ತರ:

ಚುನಾವಣೆ ಘೋಷಣೆಯಾದ ಮೇಲೆ ಪ್ರತಿ ಜಿಲ್ಲೆಯಲ್ಲಿ ಎಂಸಿಎಂಸಿ ಇರುತ್ತದೆ, ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ. ಮುಖ್ಯಸ್ಥರು ಜಿಲ್ಲಾ ಚುನಾವಣಾಧಿಕಾರಿ, ಅಂದರೆ ನಮ್ಮಲ್ಲಿ ಡಿಸಿ. ದೂರು ಅಲ್ಲಿಗೆ, ಬರಹದಲ್ಲಿ. ವೇಗ ಮುಖ್ಯ. ಬರಹ ಪ್ರಕಟವಾದ 96 ಗಂಟೆಯೊಳಗೆ ಕ್ಷೇತ್ರದ ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸ್ ಕೊಡಬೇಕು, ಹಾಗಾಗಿ ನಿಮ್ಮ ದೂರು ಮೊದಲ ಅಥವಾ ಎರಡನೇ ದಿನವೇ ತಲುಪಿರಬೇಕು. ಅಭ್ಯರ್ಥಿಗೆ ಉತ್ತರಿಸಲು 48 ಗಂಟೆ. ಉತ್ತರ ಬರದಿದ್ದರೆ ಸಮಿತಿಯ ತೀರ್ಮಾನವೇ ಅಂತಿಮ. ಒಪ್ಪದಿದ್ದರೆ 48 ಗಂಟೆಯೊಳಗೆ ರಾಜ್ಯ ಸಮಿತಿಗೆ ಮೇಲ್ಮನವಿ, ಅದು 96 ಗಂಟೆಯಲ್ಲಿ ಇತ್ಯರ್ಥ ಮಾಡಬೇಕು. ಆಮೇಲೆ ಆಯೋಗ. ಕಾಸಿಗಾಗಿ ಸುದ್ದಿ ಎಂದು ತೀರ್ಮಾನವಾದರೆ ಸರ್ಕಾರಿ ಜಾಹೀರಾತು ದರದಲ್ಲಿ ಲೆಕ್ಕ ಹಾಕಿ, ಹಣ ಕೊಟ್ಟದ್ದು ಸಾಬೀತಾಗದಿದ್ದರೂ, ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ನೀವು ಅಳೆದು ಕೊಟ್ಟ ಚದರ ಸೆಂ.ಮೀ. ಉಪಯೋಗಕ್ಕೆ ಬರುವುದು ಇಲ್ಲಿ.

ಚುನಾವಣೆ ಇಲ್ಲದ ಕಾಲದಲ್ಲಿ ಪ್ರೆಸ್ ಕೌನ್ಸಿಲ್. ಮೊದಲು ಸಂಪಾದಕರಿಗೆ ಪತ್ರ ಬರೆದಿರಬೇಕು, ಅದರ ಪ್ರತಿ ಲಗತ್ತಿಸಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕಳಿಸಬೇಕು.

ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಕತ್ತರಿಯಿಂದ. ಬರಹವನ್ನಷ್ಟೇ ಚೊಕ್ಕವಾಗಿ ಕತ್ತರಿಸಿ ಅಂಟಿಸುತ್ತಾರೆ, ಪುಟದ ತುದಿಯಲ್ಲಿರುವ ದಿನಾಂಕ, ಆವೃತ್ತಿ, ಪುಟಸಂಖ್ಯೆ ಕಸದ ಬುಟ್ಟಿಗೆ ಹೋಗಿರುತ್ತದೆ. ಇ-ಪೇಪರಿನ ಕ್ಲಿಪ್ಪಿಂಗಿನಲ್ಲೂ ಇದೇ ಕಥೆ. ಇಡೀ ಪುಟವನ್ನು ಮಡಿಸದೆ ಇಟ್ಟುಕೊಳ್ಳಿ, ಬರಹದ ಸುತ್ತ ಪೆನ್ಸಿಲ್ ಗೆರೆ ಹಾಕಿ, ಅದೇ ದಿನದ ಇನ್ನೆರಡು ಪತ್ರಿಕೆಗಳ ಅದೇ ಜಿಲ್ಲೆಯ ಪುಟವನ್ನೂ ಜೊತೆಗಿಡಿ.